ಆ್ಯನ್ ಹ್ಯಾಥವೇ ಲೇಖನಿ ಕಸಿದುಕೊಂಡ ಸಂಜೆ

ಪ್ರಿಯ ಗೆಳೆಯ,

ಕಳೆದ ವಾರ ನ್ಯೂಯಾರ್ಕಿನ ಸ್ಟೀಫನ್ ಸಾಂಡ್‌ಹೈಮ್ ರಂಗಮಂದಿರದಲ್ಲಿ ‘ಆ್ಯಂಡ್ ಜೂಲಿಯೆಟ್’ ಎಂಬ ಸಂಗೀತ ನಾಟಕ ನೋಡಿದೆ. ಪದವಿ ತರಗತಿಯಲ್ಲಿ ನಾವಿಬ್ಬರೂ ಒಂದೇ ಪುಸ್ತಕ ಹಂಚಿಕೊಂಡು ‘ರೋಮಿಯೊ ಅಂಡ್ ಜೂಲಿಯೆಟ್’ ಓದುತ್ತಿದ್ದಾಗ, ಆ ಹುಡುಗಿ ಸಾಯಲೇಬೇಕಿತ್ತೇ ಎಂದು ನೀನು ಎದ್ದು ನಿಂತು ಕೇಳಿದ್ದು ನೆನಪಿದೆಯೇ? ನಿನ್ನ ಅದೇ ಪ್ರಶ್ನೆಯನ್ನು ರಂಗದ ಮೇಲೆ ಒಂದು ಪಾತ್ರ ಕೇಳುವುದನ್ನು ನೋಡಿ ಬಂದಿದ್ದೇನೆ.

ಕೇಳುವವಳು ಷೇಕ್ಸ್‌ಪಿಯರನ ಹೆಂಡತಿ ಆ್ಯನ್ ಹ್ಯಾಥವೇ. ಗಂಡನ ಹೊಸ ನಾಟಕ ನೋಡಲೆಂದು ಲಂಡನ್ನಿಗೆ ಬಂದವಳು ಅದರ ಮುಕ್ತಾಯವನ್ನು ಒಪ್ಪದೆ, ಜೂಲಿಯೆಟ್ ಬದುಕಿ ಉಳಿದರೆ ಏನಾಗಬಹುದೆಂದು ಕೇಳಿ, ಲೇಖನಿಯನ್ನು ತಾನೇ ತೆಗೆದುಕೊಳ್ಳುತ್ತಾಳೆ. ಜೂಲಿಯೆಟ್ ದಾದಿಯನ್ನೂ ಗೆಳೆಯರನ್ನೂ ಕರೆದುಕೊಂಡು ವೆರೋನಾ ಬಿಟ್ಟು ಪ್ಯಾರಿಸಿಗೆ ಹೊರಡುತ್ತಾಳೆ. 1582ರಲ್ಲಿ ಮದುವೆಯಾದಾಗ ಆ್ಯನ್‌ಗೆ 26, ವಿಲಿಯಮ್‌ಗೆ 18. 1616ರ ಉಯಿಲಿನಲ್ಲಿ ಅವಳ ಹೆಸರಿಗೆ ಅವನು ಬರೆದಿಟ್ಟದ್ದು ಮನೆಯ ಎರಡನೆಯ ಉತ್ತಮ ಮಂಚ. ಇಷ್ಟರ ಆಚೆ ಚರಿತ್ರೆಗೆ ಹೆಚ್ಚೇನೂ ತಿಳಿಯದ ಆ ಹೆಂಗಸಿಗೆ ಮಾತು ಕೊಟ್ಟದ್ದಕ್ಕಾಗಿಯೇ ನನಗೆ ಈ ನಾಟಕ ಮೊದಲು ಹಿಡಿಸಿತು.

ಡೇವಿಡ್ ವೆಸ್ಟ್ ರೀಡ್ ಬರೆದ ಈ ಜೂಕ್‌ಬಾಕ್ಸ್ ಮ್ಯೂಸಿಕಲ್, ಅಂದರೆ ಆಗಲೇ ಜನಪ್ರಿಯವಾದ ಹಾಡುಗಳನ್ನು ಪೋಣಿಸಿ ಕಟ್ಟಿದ ನಾಟಕ, 2019ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರಂಭವಾಗಿ, ಲಂಡನ್ನಿಗೆ ಹೋಗಿ, 2022ರ ನವೆಂಬರಿನಲ್ಲಿ ಇಲ್ಲಿಗೆ ಬಂತು. ಹಾಡುಗಳೆಲ್ಲ ಸ್ವೀಡನ್ನಿನ ಮ್ಯಾಕ್ಸ್ ಮಾರ್ಟಿನ್ ಒಬ್ಬನೇ ಅಥವಾ ಇತರರ ಜೊತೆಗೂಡಿ ರಚಿಸಿದವು. ಹಾಸ್ಟೆಲಿನ ಟೇಪ್‌ರೆಕಾರ್ಡರಿನಲ್ಲಿ ನಾವು ಸವೆಯುವವರೆಗೆ ಕೇಳಿದ ಬ್ರಿಟ್ನಿ ಸ್ಪಿಯರ್ಸ್, ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಹಾಡುಗಳೇ. ನಮ್ಮ ಕಂಪನಿ ನಾಟಕಗಳ ಹಳೆಯ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ ‘ಮಟ್ಟು’ ಎಂದು ಬರೆದು, ಜನಕ್ಕೆ ಗೊತ್ತಿದ್ದ ಯಾವ ಹಾಡಿನ ಧಾಟಿಯಲ್ಲಿ ಹಾಡಬೇಕೆಂದು ಸೂಚಿಸುತ್ತಿದ್ದರಲ್ಲ, ಅಲ್ಲಿ ಧಾಟಿ ಹಳೆಯದು, ಸಾಹಿತ್ಯ ಹೊಸದು. ಇಲ್ಲಿ ಹೆಚ್ಚಿನ ಹಾಡುಗಳ ಧಾಟಿಯೂ ಸಾಹಿತ್ಯವೂ ಹಳೆಯವೇ. ಹೊಸದೆಂದರೆ ಸಂದರ್ಭ ಮಾತ್ರ. ಅಷ್ಟರಿಂದಲೇ ಮಾತಿನ ಅರ್ಥ ಎಷ್ಟು ಬದಲಾಗಬಲ್ಲದೆಂಬುದನ್ನು ನಾನು ಊಹಿಸಿರಲಿಲ್ಲ. ಒಂಟಿತನ ತನ್ನನ್ನು ಕೊಲ್ಲುತ್ತಿದೆ ಎಂದು ಬ್ರಿಟ್ನಿ 1998ರಲ್ಲಿ ಶಾಲೆಯ ಸಮವಸ್ತ್ರದಲ್ಲಿ ಕುಣಿದು ಹಾಡಿದ್ದನ್ನು, ಸತ್ತ ರೋಮಿಯೊನ ಮುಂದೆ ನಿಂತ ಜೂಲಿಯೆಟ್ ಹಾಡಿದಾಗ ಆ ಸಾಲು ಅಕ್ಷರಶಃ ನಿಜವಾಗುತ್ತದೆ. ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಹಾಡಿದ ‘ಐ ವಾಂಟ್ ಇಟ್ ದಟ್ ವೇ’ಯ ಅರ್ಥ ಎಲ್ಲಿಯೂ ಸರಿಯಾಗಿ ಕೂಡುವುದಿಲ್ಲವೆಂದು ನೀನು ಅಂದೇ ತಕರಾರು ಮಾಡಿದ್ದೆ. ನಾಟಕದ ಕೊನೆ ಹೇಗಿರಬೇಕೆಂದು ಗಂಡ ಹೆಂಡತಿ ಜಗಳಕ್ಕೆ ನಿಂತು ಅದನ್ನು ಹಾಡಿದಾಗ ಕೂಡುತ್ತದೆ, ಗೆಳೆಯ! ಇನ್ನು, ಗಂಡೆಂದೂ ಹೆಣ್ಣೆಂದೂ ತನ್ನನ್ನು ಗುರುತಿಸಿಕೊಳ್ಳದ ಮೇ ಎಂಬ ಪಾತ್ರ, ತಾನು ಹುಡುಗಿಯಲ್ಲ, ಇನ್ನೂ ಹೆಂಗಸೂ ಅಲ್ಲ ಎಂಬ ಹಾಡನ್ನು ಎತ್ತಿಕೊಂಡಾಗ ಸಭಾಂಗಣದಲ್ಲಿ ಕೆಮ್ಮು ಕೂಡ ಕೇಳಿಸಲಿಲ್ಲ.

ಆದರೂ ನನಗೊಂದು ಕೊರತೆ ಕಾಡುತ್ತಿದೆ. ಮೂಲ ನಾಟಕ ಪ್ರೇಮಿಗಳ ಸಾವನ್ನು ಪೀಠಿಕೆಯ ಪದ್ಯದಲ್ಲೇ ಹೇಳಿಬಿಡುತ್ತದೆ. ಗೊತ್ತಿದ್ದೂ ನಾವು ಪ್ರತಿ ಸಲವೂ ಆಸೆಪಡುತ್ತೇವೆ. ಮದ್ದು ಕುಡಿದು ಸತ್ತಂತೆ ಮಲಗಿದ ಜೂಲಿಯೆಟ್ ನಿಜಕ್ಕೂ ಸತ್ತಿಲ್ಲವೆಂದು ರೋಮಿಯೊಗೆ ತಿಳಿಸುವ ಓಲೆಯನ್ನು ಒಯ್ಯಬೇಕಾದ ಸನ್ಯಾಸಿ ಜಾನ್, ಪ್ಲೇಗಿನ ಶಂಕೆಯಿಂದ ಬಾಗಿಲು ಮುದ್ರೆ ಹಾಕಿದ ಮನೆಯೊಳಗೆ ಸಿಕ್ಕಿಬಿದ್ದು ಓಲೆ ತಲುಪದೇ ಹೋಗುವ ಆ ಸಣ್ಣ ದೃಶ್ಯದ ತೂಕ, ಇಲ್ಲಿನ ಬೆಳಕು ಕುಣಿತಗಳ ನಡುವೆ ಎಲ್ಲಿಯೂ ಇಲ್ಲ. ಮೊದಲರ್ಧದ ಕೊನೆಗೆ ರೋಮಿಯೊ ಬದುಕಿಯೇ ಇಳಿದು ಬಂದು ಹಾಡತೊಡಗಿದಾಗ ಜನ ಕುಣಿದಾಡಿದರು. ನನಗೆ ಮಾತ್ರ ಜೂಲಿಯೆಟ್ ಅತ್ತ ಕಣ್ಣೀರಿಗೆ ಬೆಲೆ ಕಡಿಮೆಯಾಯಿತೆನಿಸಿತು. ಲಂಡನ್ನಿನಲ್ಲಿ ಇದೇ ನಾಟಕ 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದಿಂದ ನಿಂತುಹೋಗಿ, ಮತ್ತೆ ಪರದೆ ಎದ್ದದ್ದು 2021ರ ಸೆಪ್ಟೆಂಬರಿನಲ್ಲಿ. ಬಾಗಿಲು ಮುಚ್ಚಿದ ಮನೆಯ ಸಂಕಟವನ್ನು ಬಲ್ಲ ತಂಡ ಆ ಓಲೆಗೆ ಒಂದು ಹಾಡಿನಷ್ಟಾದರೂ ಜಾಗ ಮಾಡಬಹುದಿತ್ತು.

ಆ ಹಳೆಯ ಪುಸ್ತಕ ನಿನ್ನ ಬಳಿಯೇ ಇದೆಯಲ್ಲವೇ? ಓಲೆಯ ಆ ದೃಶ್ಯದ, ಅಂದರೆ ಐದನೆಯ ಅಂಕದ ಎರಡನೆಯ ದೃಶ್ಯದ, ಅಂಚಿನಲ್ಲಿ ನೀನು ಪೆನ್ಸಿಲಿನಲ್ಲಿ ಏನೋ ಬರೆದಿದ್ದೆ. ಅಳಿಸಿಹೋಗಿಲ್ಲದಿದ್ದರೆ ಅದನ್ನು ನೋಡಿ ನನಗೆ ಬರೆ.

ನಿನ್ನ ಪ್ರೀತಿಯ ಗೆಳೆಯ