ವಂಶವಾಹಿ ಪರೀಕ್ಷೆಯ ವರದಿ ಮೊದಲು ರೋಗಿಗೆ ತಿಳಿಯಲಿ

ಮಾನ್ಯ ಸಂಪಾದಕರೇ,

ಅಂಡಾಶಯದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವ ನಮ್ಮ ಚಿಕ್ಕಮ್ಮನ ವಂಶವಾಹಿ ಪರೀಕ್ಷೆಯ ವರದಿ ಕಳೆದ ವರ್ಷ ಬಂದಾಗ, ಆಸ್ಪತ್ರೆಯವರು ಅದನ್ನು ಅವರಿಗೆ ಕೊಡದೆ ಹೊರಗೆ ನಿಂತಿದ್ದ ಮಗನನ್ನು ಕರೆದು ಕೊಟ್ಟರು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ತಡೆಯಲು ನೆರವಾಗುವ ಬಿಆರ್‌ಸಿಎ-1 ಎಂಬ ವಂಶವಾಹಿಯಲ್ಲಿ ದೋಷವಿದೆ ಎಂದು ಅದರಲ್ಲಿತ್ತು. ಅವನು ಹಾಳೆಗಳನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಸೇರಿಸಿದ. ಆ ಸಂಜೆ ಮನೆಯ ಗಂಡಸರು ಜಗಲಿಯಲ್ಲಿ ಕುಳಿತು, ಕಿರಿಯ ಮಗಳ ಮದುವೆಯ ಮಾತುಕತೆ ಮುಗಿಯುವ ತನಕ ಈ ವಿಷಯ ಯಾರ ಕಿವಿಗೂ ಬೀಳಬಾರದೆಂದು ತೀರ್ಮಾನಿಸಿದರು. ಚಿಕ್ಕಮ್ಮ ಒಳಗೆ ಮಲಗಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ಮನೆಯವರದು ಕೆಟ್ಟ ಮನಸ್ಸಲ್ಲ, ಬಲ್ಲೆ. ಆದರೆ ಈ ದೋಷ ಗಂಡಿರಲಿ ಹೆಣ್ಣಿರಲಿ, ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ 50ರಷ್ಟಿರುತ್ತದೆ. ಅದನ್ನು ಹೊತ್ತ ಹೆಣ್ಣಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ 60ನ್ನು ಮೀರುತ್ತದೆ. ಅಂಡಾಶಯದ ಕ್ಯಾನ್ಸರನ್ನು ಬೇಗ ಗುರುತಿಸುವ ನಂಬಲರ್ಹ ತಪಾಸಣೆ ಇನ್ನೂ ಇಲ್ಲದಿರುವುದರಿಂದ, ಇಂಥ ದೋಷವಿರುವವರಿಗೆ ಮಕ್ಕಳಾದ ಮೇಲೆ, 35ರಿಂದ 40ರ ವಯಸ್ಸಿನೊಳಗೆ ಅಂಡಾಶಯ ತೆಗೆಸಿಕೊಳ್ಳುವಂತೆ ತಜ್ಞರು ಸಲಹೆ ಕೊಡುತ್ತಾರೆ. ಚಿಕ್ಕಮ್ಮನ ಹಿರಿಯ ಮಗಳಿಗೆ ಆಗಲೇ 36 ತುಂಬಿತ್ತು.

ಹೆತ್ತವರಿಂದ ಮಕ್ಕಳಿಗೆ ಬರಬಹುದಾದ, ಮಿದುಳನ್ನು ಹಾಳುಮಾಡುವ ಹಂಟಿಂಗ್ಟನ್ ಕಾಯಿಲೆಯ ಪ್ರಕರಣವೊಂದರಲ್ಲಿ ಲಂಡನ್ನಿನ ಹೈಕೋರ್ಟ್ 2020ರಲ್ಲಿ, ಮಗಳಿಗೆ ತಿಳಿಸಬೇಡಿ ಎಂದು ರೋಗಿಯಾದ ತಂದೆಯೇ ಹೇಳಿದ್ದರೂ ಆಕೆಯ ಹಿತವನ್ನು ವೈದ್ಯರು ತೂಗಿ ನೋಡಬೇಕಾಗುತ್ತದೆ ಎಂದಿತು. ಪರಿಹಾರ ಕೋರಿದ್ದ ಮಗಳ ದಾವೆ ಮಾತ್ರ ಬಿದ್ದುಹೋಯಿತು. ನಮ್ಮಲ್ಲಿ ಎಷ್ಟೋ ಬಾರಿ ಪ್ರಶ್ನೆ ಅಲ್ಲಿಯವರೆಗೂ ಹೋಗುವುದಿಲ್ಲ, ಏಕೆಂದರೆ ಬೇಕು ಬೇಡ ಎನ್ನಲು ರೋಗಿಗೇ ವಿಷಯ ಗೊತ್ತಿರುವುದಿಲ್ಲ. ಐದು ತಿಂಗಳ ಮೇಲೆ ಮನಸ್ಸು ತಡೆಯದೆ ಮಗ ಬಾಯಿಬಿಟ್ಟಾಗ ಚಿಕ್ಕಮ್ಮ ಮೊದಲು ಕೇಳಿದ್ದು, "ಹುಡುಗಿಯರಿಗೆ ಹೇಳಿದೀಯೇನೋ?" ಎಂದು.

ಫಲಿತಾಂಶ ತಿಳಿಯುವುದೇ ಬೇಡ ಎನ್ನುವ ಹಕ್ಕೂ ರೋಗಿಗಿದೆ, ಆದರೆ ಆ ಮಾತನ್ನು ಅವರೇ ಹೇಳಬೇಕು. ಚಿಕ್ಕಮ್ಮ ಸಹಿ ಹಾಕಿದ ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು, ಅವರು ಓದಿರುವುದು ಕನ್ನಡದಲ್ಲಿ ಏಳನೇ ತರಗತಿ. ರಕ್ತ ತೆಗೆಯುವ ಮುನ್ನವೇ ಆಪ್ತಸಮಾಲೋಚಕರೊಬ್ಬರು ರೋಗಿಯ ಎದುರು ಕುಳಿತು, ಫಲಿತಾಂಶ ನಿಮಗೆ ಬೇಕೇ, ಬೇರೆ ಯಾರಿಗೆ ತಿಳಿಸಬಹುದು, ಮಕ್ಕಳಿಗೆ ಹೇಳುವಾಗ ನಾವೂ ಜೊತೆಗಿರಬೇಕೇ ಎಂದು ಕನ್ನಡದಲ್ಲಿ ಕೇಳಿ, ಉತ್ತರವನ್ನು ಕನ್ನಡದಲ್ಲೇ ಬರೆದುಕೊಂಡು ಸಹಿ ಪಡೆಯುವುದನ್ನು ಆರೋಗ್ಯ ಇಲಾಖೆ ಕಡ್ಡಾಯಗೊಳಿಸಬೇಕೆಂದು ವಿನಂತಿಸುತ್ತೇನೆ.

– ಓದುಗರೊಬ್ಬರು, ತುಮಕೂರು