ಖಾಸಗಿ ಕಾಲೇಜಿನ ಮಕ್ಕಳಿಗೂ ಜರ್ನಲ್ ಬೇಕು

ಸಂಪಾದಕರೇ,

ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಗೆ ಕೇಂದ್ರ ಸರ್ಕಾರ 3 ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ, 30 ಪ್ರಕಾಶಕರ ಹತ್ತತ್ರ 13,000 ಜರ್ನಲ್ (ಸಂಶೋಧನಾ ಲೇಖನ ಬರೋ ಪತ್ರಿಕೆಗಳು) 2025ರ ಜನವರಿಯಿಂದ ಸರ್ಕಾರಿ ಕಾಲೇಜು, ಯೂನಿವರ್ಸಿಟಿಗಳಿಗೆ ಸಿಗೋ ಹಾಗಾಯ್ತು, ನಿಜಕ್ಕೂ ಖುಷಿ ಪಡೋ ವಿಷಯ. ಆದ್ರೆ ನಾನು ಲೈಬ್ರರಿ ನೋಡ್ಕೊಳ್ತಿರೋದು ಸಣ್ಣ ಊರಿನ ಖಾಸಗಿ ಕಾಲೇಜಲ್ಲಿ, ನಮ್ಮಂಥವರನ್ನ ಮೊದಲ ಹಂತದಲ್ಲಿ ಸೇರಿಸಲೇ ಇಲ್ಲ.

ಮೊನ್ನೆ ಎಂಎಸ್ಸಿ ಹುಡುಗಿ ಒಬ್ಬಳು ಫೋನ್ ಹಿಡ್ಕೊಂಡು ಬಂದು "ಸರ್, ಈ ಪೇಪರ್ ಓಪನ್ ಆಗ್ತಿಲ್ಲ" ಅಂದ್ಳು, ನೋಡಿದ್ರೆ ಹನ್ನೆರಡು ಪುಟಕ್ಕೆ ಮೂರು ಸಾವಿರದ ಮೇಲೆ ಕೇಳ್ತಿದೆ, ಕೂಲಿ ಮಾಡೋ ಅವರಪ್ಪ ಎಲ್ಲಿಂದ ತರ್ಬೇಕು? ಕೊನೆಗೆ ಬರೆದವರಿಗೇ ಇಮೇಲ್ ಹಾಕ್ಸಿದೆ, ಪುಣ್ಯಾತ್ಮರು ಎರಡೇ ದಿನದಲ್ಲಿ ಪಿಡಿಎಫ್ ಕಳಿಸಿದ್ರು, ಒಂದ್ ಪೈಸೆ ಕೇಳ್ಲಿಲ್ಲ. ಜರ್ನಲ್‌ನವರು ಲೇಖನ ಬರೆದವರಿಗೆ ದುಡ್ಡು ಕೊಡಲ್ಲ, ಪರಿಶೀಲನೆ ಮಾಡೋ ಪ್ರೊಫೆಸರಿಗೂ ಸಾಮಾನ್ಯವಾಗಿ ಕೊಡಲ್ಲ, ಎಷ್ಟೋ ಸಂಶೋಧನೆ ನಡೆಯೋದು ನಮ್ಮ ತೆರಿಗೆಯಲ್ಲೇ, ಆದ್ರೂ ಓದಕ್ಕೆ ಮಾತ್ರ ನಾವೇ ಮತ್ತೆ ಕೊಡ್ಬೇಕು, ಇದು ನ್ಯಾಯನಾ?

ಯಾರು ಬೇಕಾದ್ರೂ ಪುಕ್ಕಟೆ ಓದೋ ಓಪನ್ ಆಕ್ಸೆಸ್ ಜರ್ನಲ್ ಇದೆಯಲ್ಲ ಅಂತಾರೆ, ಅಲ್ಲೂ ಎಷ್ಟೋ ಕಡೆ ಲೇಖನ ಬರೆದವರ ಹತ್ರಾನೇ ಲಕ್ಷಗಟ್ಟಲೆ ವಸೂಲಿ. ಮುಂದಿನ ಹಂತದಲ್ಲಾದ್ರೂ ಖಾಸಗಿ ಕಾಲೇಜುಗಳನ್ನ ಸೇರಿಸಿ, ಅಲ್ಲಿವರೆಗೆ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಒಂದೆರಡು ಕಂಪ್ಯೂಟರಲ್ಲಾದ್ರೂ ಈ ಜರ್ನಲ್ ಓದೋಕೆ ವ್ಯವಸ್ಥೆ ಮಾಡಿ.

– ಒಬ್ಬ ಕಾಲೇಜು ಲೈಬ್ರರಿಯನ್