ಲೊಕೊರೊತೊಂದೊದಲ್ಲಿ ಇನ್ನು ಮುಂದೆ ರಾತ್ರಿಯ ಊಟ: ನಮ್ಮ ಪ್ರಯಾಣಿಕರಿಗೆ ಪತ್ರ

ಆತ್ಮೀಯ ಪ್ರಯಾಣಿಕರೇ,

ನಮಸ್ಕಾರ. ದಕ್ಷಿಣ ಇಟಲಿಯ ಪುಲಿಯಾ ಪ್ರಾಂತ್ಯಕ್ಕೆ ನಾವು ನಡೆಸುವ ಪ್ರವಾಸಕ್ಕೆ ಹೆಸರು ಕೊಟ್ಟಿರುವವರಿಗೂ, ಕೊಡಲೋ ಬೇಡವೋ ಎಂದು ಯೋಚಿಸುತ್ತಿರುವವರಿಗೂ ಈ ಪತ್ರ. ಬರುವ ಏಪ್ರಿಲ್ ಕೊನೆಯ ತಂಡದಿಂದ ಮೊದಲ್ಗೊಂಡು, ಲೊಕೊರೊತೊಂದೊ ಊರಿನಲ್ಲಿ ತಂಗುವ ರಾತ್ರಿಗಳಲ್ಲಿ ಅನ್ನ, ಸಾರು, ಪಲ್ಯದ ಊಟ ಇರುವುದಿಲ್ಲ. ಆ ಊರಿನ ಚಿಕ್ಕ ಹೋಟೆಲುಗಳಲ್ಲಿ, ಆ ಊರಿನವರು ಉಣ್ಣುವ ಹೊತ್ತಿಗೆ, ಅವರು ಉಣ್ಣುವುದನ್ನೇ ಉಣ್ಣುತ್ತೇವೆ. ಕೆಲವರಿಗೆ ಇದು ಸಂತೋಷದ ಸುದ್ದಿ, ಕೆಲವರಿಗೆ ಅಲ್ಲ. ಎರಡೂ ಬಗೆಯವರು ಹೊರಡುವ ಮೊದಲೇ ತಿಳಿದಿರಲಿ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಇದುವರೆಗೆ ಸಂಜೆಯ ಊಟ ಬಾರಿ ನಗರದ ಒಂದು ಭಾರತೀಯ ಅಡುಗೆಮನೆಯಿಂದ ವ್ಯಾನಿನಲ್ಲಿ ಬರುತ್ತಿತ್ತು. ಸುಮಾರು 70 ಕಿಲೋಮೀಟರ್ ದೂರ. ಹಳೆಯ ಊರಿನ ಓಣಿಗಳಿಗೆ ಹೊರಗಿನ ವಾಹನಗಳನ್ನು ಬಿಡುವುದಿಲ್ಲವಾದ್ದರಿಂದ, ಕೊನೆಯಲ್ಲಿ ಡಬ್ಬಗಳನ್ನು ಕೈಯಲ್ಲೇ ಹೊತ್ತು ತರಬೇಕಾಗಿತ್ತು. ಆ ಅಡುಗೆಮನೆಯವರು ಈ ವರ್ಷದಿಂದ ದೂರದ ಊರುಗಳಿಗೆ ಊಟ ಕಳುಹಿಸುವುದನ್ನು ನಿಲ್ಲಿಸಿದ್ದಾರೆ. ನಿಜ ಹೇಳಬೇಕೆಂದರೆ, ಅವರು ನಿಲ್ಲಿಸದಿದ್ದರೂ ನಾವು ನಿಲ್ಲಿಸುವವರಿದ್ದೆವು. ಕಿಟಕಿಯ ಕೆಳಗಿನ ಹೋಟೆಲಿನಿಂದ ಬೆಳ್ಳುಳ್ಳಿ, ಆಲಿವ್ ಎಣ್ಣೆಯ ಘಮ ಬರುತ್ತಿರುವಾಗ, ಮೇಲಿನ ಕೋಣೆಯಲ್ಲಿ ಮತ್ತೆ ಬಿಸಿ ಮಾಡಿದ ಸಾರಿಗಾಗಿ ಕಾಯುವುದು ಯಾರ ಭಾಗ್ಯ?

ಊರಿನ ಪರಿಚಯ ಇಲ್ಲದವರಿಗೆ ಎರಡು ಮಾತು. ಲೊಕೊರೊತೊಂದೊ ಸುಮಾರು 14,000 ಜನರ ಊರು. ಇತ್ರಿಯಾ ಕಣಿವೆಯ ದಿಬ್ಬವೊಂದರ ಮೇಲೆ ಹಳೆಯ ಊರು ದುಂಡಗೆ ಕುಳಿತಿದೆ. ಸುಣ್ಣ ಬಳಿದ ಗೋಡೆಗಳು, ಕಡಿದಾದ ಕಲ್ಲಿನ ಮಾಡುಗಳು, ಕೆಳಗೆ ದ್ರಾಕ್ಷಿ ತೋಟಗಳು. ಶಂಕುವಿನಾಕಾರದ ಮಾಡಿನ ತ್ರುಲ್ಲಿ ಮನೆಗಳಿಗಾಗಿ 1996ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಅಲ್ಬೆರೊಬೆಲ್ಲೊ ಇಲ್ಲಿಂದ ರೈಲಿನಲ್ಲಿ ಒಂದೆರಡು ನಿಲ್ದಾಣದಷ್ಟು ಹತ್ತಿರ. ಹಗಲು ಅಲ್ಲಿಗೆ ಹೋಗುತ್ತೇವೆ, ಆದರೆ ಊಟಕ್ಕೆ ನಿಲ್ಲುವುದಿಲ್ಲ. ಬಾಗಿಲಲ್ಲಿ ತಿನಿಸುಗಳ ಬಣ್ಣದ ಫೋಟೋ ಹಾಕಿ, ಹಾದುಹೋಗುವವರನ್ನು ಕೈಬೀಸಿ ಕರೆಯುವ ಹೋಟೆಲುಗಳ ಬಗ್ಗೆ ನಮಗೆ ಒಳ್ಳೆಯ ಅಭಿಪ್ರಾಯ ಇಲ್ಲ.

ಮೊದಲು ಹೊತ್ತಿನ ವಿಷಯ. ಹೆಚ್ಚಿನ ತಕರಾರು ಬರುವುದು ಇಲ್ಲಿಯೇ ಎಂದು ಬಲ್ಲೆವು. ಅಲ್ಲಿ ಮಧ್ಯಾಹ್ನದ ಅಡುಗೆಮನೆ ಹನ್ನೆರಡೂವರೆಗೆ ತೆರೆದು ಎರಡೂವರೆಯ ಸುಮಾರಿಗೆ ಮುಚ್ಚುತ್ತದೆ. ಮತ್ತೆ ಒಲೆ ಹೊತ್ತುವುದು ಸಂಜೆ ಏಳೂವರೆಗೆ. ನಡುವೆ ಎಷ್ಟೇ ಕೇಳಿಕೊಂಡರೂ ಬಿಸಿ ಊಟ ಸಿಗುವುದಿಲ್ಲ. ಮಧ್ಯಾಹ್ನದ ಹೊತ್ತು ಅಂಗಡಿಗಳೂ ಬಾಗಿಲು ಎಳೆದುಕೊಂಡಿರುತ್ತವೆ. ನಮ್ಮ ಮೇಜು ಏಳೂಮುಕ್ಕಾಲಿಗೆ. ಊರಿನವರ ಲೆಕ್ಕದಲ್ಲಿ ಅದು ಬಹಳ ಬೇಗ, ಅವರು ಬರುವಾಗ ಒಂಬತ್ತು ಆಗಿರುತ್ತದೆ. ಏಳು ಗಂಟೆಗೇ ಉಂಡು ಮಲಗುವ ಅಭ್ಯಾಸದವರಿಗಾಗಿ ಐದೂವರೆಗೆ ಬೇಕರಿಯಿಂದ ಟೊಮೆಟೊ ಹಾಕಿದ ಫೊಕಾಚ್ಚಾ ತಂದುಕೊಡುತ್ತೇವೆ. ಬಾರಿ ಸೀಮೆಯ ಫೊಕಾಚ್ಚಾದ ಹಿಟ್ಟಿಗೆ ಬೇಯಿಸಿದ ಆಲೂಗಡ್ಡೆ ಸೇರಿಸಿ ನಾದುವ ರೂಢಿ ಇದೆ. ಒಳಗೆ ಮೆತ್ತಗೆ, ತಳದಲ್ಲಿ ಗರಿಗರಿ. ಇನ್ಸುಲಿನ್ ತೆಗೆದುಕೊಳ್ಳುವವರು ಗಮನಿಸಿ: ಕುರ್ಚಿಯಲ್ಲಿ ಕುಳಿತಾಗ ಊಟ ಶುರುವಾಯಿತು ಎಂದುಕೊಳ್ಳಬೇಡಿ. ಪಾಸ್ತಾ ಬರಲು ಒಂದು ಗಂಟೆ ಹಿಡಿಯಬಹುದು. ಹೊರಡುವ ಮೊದಲು ಈ ಬಗ್ಗೆ ನಿಮ್ಮ ವೈದ್ಯರ ಜೊತೆ ಮಾತನಾಡಿಕೊಳ್ಳಿ.

ಇನ್ನು ಊಟ. ಎಲ್ಲವೂ ಒಟ್ಟಿಗೆ ಎಲೆಯ ಮೇಲೆ ಬೀಳುವುದಿಲ್ಲ. ಮೊದಲು ಬರುವುದು ಆಂತಿಪಾಸ್ತೊ, ಎಂದರೆ ಸಣ್ಣ ಸಣ್ಣ ತಟ್ಟೆಗಳ ಸಾಲು. ಈ ಕಣಿವೆಯಲ್ಲಿ ಅದರಲ್ಲಿ ಸ್ವಲ್ಪ ಉದಾರತೆ ಜಾಸ್ತಿ. ಸುಟ್ಟ ಬದನೆ, ಎಣ್ಣೆಯಲ್ಲಿ ನೆನೆಸಿದ ಆರ್ಟಿಚೋಕ್, ಬ್ರೆಡ್ಡಿನ ಉಂಡೆ, ಹಸಿ ಚೀಸ್, ಕಹಿಯಾದ ಪುಟ್ಟ ಕಾಡು ಗೆಡ್ಡೆಯ ಉಪ್ಪಿನಕಾಯಿ, ಹೀಗೆ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಇದೇ ಊಟ ಎಂದು ಹೊಟ್ಟೆ ತುಂಬಿಸಿಕೊಂಡವರು ಪಾಸ್ತಾ ಬಂದಾಗ ತಟ್ಟೆಯನ್ನು ಪಕ್ಕದವರ ಕಡೆ ಸರಿಸುತ್ತಾರೆ. ದಯವಿಟ್ಟು ಜಾಗ ಉಳಿಸಿಕೊಳ್ಳಿ, ಏಕೆಂದರೆ ಈ ಸೀಮೆಯ ಅಡುಗೆಯ ಜೀವ ಮುಂದಿನ ತಟ್ಟೆಯಲ್ಲಿದೆ.

ಅದು ಒರೆಕ್ಕಿಯೆತ್ತೆ. ಗಟ್ಟಿ ಗೋಧಿಯ ಸಣ್ಣ ರವೆ ಮತ್ತು ನೀರು ಸೇರಿಸಿ ಕಲಸಿ, ಚಾಕುವಿನ ಮೊಂಡ ತುದಿಯಿಂದ ಎಳೆದು, ಹೆಬ್ಬೆರಳ ಮೇಲೆ ಮಗುಚಿ ಮಾಡುವ ಪುಟ್ಟ ಕಿವಿಯಾಕಾರದ ಪಾಸ್ತಾ. ಉತ್ತರ ಇಟಲಿಯ ಹಸಿ ಪಾಸ್ತಾಕ್ಕೆ ಮೊಟ್ಟೆ ಹಾಕುತ್ತಾರೆ, ಇದಕ್ಕೆ ಹಾಕುವುದಿಲ್ಲ. ಚಳಿಗಾಲದಲ್ಲಿ ಇದನ್ನು ಚಿಮೆ ದಿ ರಾಪಾ ಎಂಬ ಟರ್ನಿಪ್ ಜಾತಿಯ ಸೊಪ್ಪಿನ ಜೊತೆ ಬೇಯಿಸುತ್ತಾರೆ. ನಾವು ಹೋಗುವ ಏಪ್ರಿಲ್ ಕೊನೆಗೆ ಆ ಸೊಪ್ಪಿನ ಕಾಲ ಮುಗಿದಿರುತ್ತದೆ, ಸೆಪ್ಟೆಂಬರಿಗೆ ಇನ್ನೂ ಶುರುವಾಗಿರುವುದಿಲ್ಲ. ಆದ್ದರಿಂದ ನಿಮಗೆ ಸಿಗುವುದು ಟೊಮೆಟೊ ಸಾರದ ಒರೆಕ್ಕಿಯೆತ್ತೆ. ಅದಕ್ಕಾಗಿ ಬೇಸರ ಬೇಡ. ಕಾಲವಲ್ಲದ ಕಾಲದಲ್ಲಿ ಆ ಸೊಪ್ಪನ್ನು ಬಡಿಸುವ ಹೋಟೆಲು ಅದನ್ನು ಫ್ರೀಜರಿನಿಂದ ತೆಗೆದಿರುವ ಸಂಭವವೇ ಹೆಚ್ಚು. ಏಪ್ರಿಲ್ ತಂಡದವರಿಗೆ ಬದಲಿಗೆ ಎಳೆಯ ಫಾವಾ (ಬ್ರಾಡ್ ಬೀನ್ಸ್) ಕಾಳು ಸಿಪ್ಪೆಯ ಸಮೇತ ಮೇಜಿಗೆ ಬರುತ್ತದೆ, ಬಿಡಿಸಿಕೊಂಡು ಹಸಿಯಾಗಿಯೇ ತಿನ್ನುವುದು. ಸೆಪ್ಟೆಂಬರಿನವರಿಗೆ ಅಂಜೂರ, ಮತ್ತು ಅದೃಷ್ಟವಿದ್ದರೆ ಬರಾತ್ತಿಯೆರೆ ಎಂಬ ಕಾಯಿ. ಸೌತೆಯಂತೆ ಕಂಡರೂ ಅದು ಕರ್ಬೂಜದ ಜಾತಿ. ನಮ್ಮ ಕೆಕ್ಕರಿಕೆಯೂ ಅದೇ ಜಾತಿಗೆ ಸೇರಿದ್ದು.

ಎಲ್ಲ ಕಾಲದಲ್ಲೂ ಸಿಗುವ ಇನ್ನೊಂದು ತಿನಿಸು ಫಾವೆ ಎ ಚಿಕೊರಿಯಾ. ಒಣ ಫಾವಾ ಬೇಳೆಯನ್ನು ಕರಗುವವರೆಗೆ ಬೇಯಿಸಿ, ಕಡೆದು, ಪಕ್ಕದಲ್ಲಿ ಕಹಿ ಚಿಕೋರಿ ಸೊಪ್ಪು ಇಟ್ಟು, ಮೇಲೆ ಹಸಿ ಆಲಿವ್ ಎಣ್ಣೆ ಸುರಿಯುತ್ತಾರೆ. ಒಗ್ಗರಣೆ ಇಲ್ಲದ ತೊವ್ವೆಯಂತಿರುತ್ತದೆ. ಬಡ ರೈತರ ಊಟವಾಗಿದ್ದದ್ದು ಈಗ ಹೋಟೆಲುಗಳ ಹೆಮ್ಮೆ. ಬೇಳೆ, ಸೊಪ್ಪು ಎರಡೂ ಇರುವುದರಿಂದ ನಮ್ಮವರಿಗೆ ಹೊಂದುವ ಮೊದಲ ತಟ್ಟೆ ಇದೇ ಎಂದು ನಮ್ಮ ನಂಬಿಕೆ. ಆದರೆ ಒಂದು ಗಂಭೀರವಾದ ಎಚ್ಚರಿಕೆ: ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು ಫಾವಾ ಕಾಳನ್ನು ಯಾವ ರೂಪದಲ್ಲೂ ತಿನ್ನಬಾರದು. ಅವರ ರಕ್ತಕಣಗಳು ಒಡೆದು ಪ್ರಾಣಕ್ಕೇ ಅಪಾಯವಾಗಬಹುದು. ಇದು ಭಾರತದಲ್ಲೂ ಇರುವ ಆನುವಂಶಿಕ ಕೊರತೆ. ಮನೆಯಲ್ಲಿ ಯಾರಿಗಾದರೂ ಇದೆಯೆಂದು ವೈದ್ಯರು ಹೇಳಿದ್ದರೆ ನಮಗೆ ಮುಂಚೆಯೇ ತಿಳಿಸಿ.

ಶುದ್ಧ ಸಸ್ಯಾಹಾರಿಗಳಿಗೆ ಸುತ್ತುಬಳಸದೆ ಹೇಳಿಬಿಡುತ್ತೇವೆ. ತರಕಾರಿ ತಟ್ಟೆ ಎಂದು ಕಂಡದ್ದೆಲ್ಲ ನಿಮ್ಮ ಅರ್ಥದ ಸಸ್ಯಾಹಾರ ಅಲ್ಲ. ಸೊಪ್ಪಿನ ಪಾಸ್ತಾಕ್ಕೆ ಅಂಚೋವಿ ಎಂಬ ಉಪ್ಪುಮೀನನ್ನು ಎಣ್ಣೆಯಲ್ಲಿ ಕರಗಿಸಿ ಹಾಕುತ್ತಾರೆ, ಕಣ್ಣಿಗೆ ಕಾಣುವುದೇ ಇಲ್ಲ. ಬ್ರೆಡ್ಡಿನ ಉಂಡೆಗೆ ಮೊಟ್ಟೆ ಬೀಳುತ್ತದೆ. ಆಂತಿಪಾಸ್ತೊ ಜೊತೆ ಪಕ್ಕದ ಮಾರ್ತಿನಾ ಫ್ರಾಂಕಾ ಊರಿನ ಕಪೊಕೊಲ್ಲೊ, ಅಂದರೆ ಹಂದಿಯ ಕತ್ತಿನ ಭಾಗದ ಒಣಗಿಸಿದ ಮಾಂಸ, ಕೇಳದೆಯೇ ಬರುತ್ತದೆ. ಈ ಸೀಮೆಯ ಪ್ರಸಿದ್ಧ ಅನ್ನದ ತಿನಿಸು ಎಂದರೆ ತಿಯೆಲ್ಲಾ, ಅದರಲ್ಲಿ ಅಕ್ಕಿ ಮತ್ತು ಆಲೂಗಡ್ಡೆಯ ಜೊತೆ ಚಿಪ್ಪುಮೀನು! ಇವೆಲ್ಲವನ್ನೂ ನಾವು ಮೊದಲೇ ಹೋಟೆಲಿನವರಿಗೆ ಬರೆದು ಕೊಟ್ಟು, ಸಸ್ಯಾಹಾರಿಗಳಿಗೆ ಬೇರೆಯೇ ಮೇಜು ಹಾಕಿಸುತ್ತೇವೆ. ಆದರೆ ಚೀಸ್ ವಿಷಯದಲ್ಲಿ ನಾವು ಏನನ್ನೂ ಬದಲಿಸಲಾರೆವು. ಇಟಲಿಯ ಸಾಂಪ್ರದಾಯಿಕ ಚೀಸುಗಳಲ್ಲಿ ಹಾಲು ಒಡೆಯಲು ಬಳಸುವುದು ಎಳೆಗರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ಕಿಣ್ವ. ಪಾರ್ಮಿಜಾನೊ ರೆಜ್ಜಾನೊ ಚೀಸಿನಲ್ಲಂತೂ ನಿಯಮದ ಪ್ರಕಾರವೇ ಕರುವಿನದು. ಆಂದ್ರಿಯಾ ಊರಿನ ಹೆಸರಾಂತ ಬುರ್ರಾತಾ ಬಾಯಲ್ಲಿಟ್ಟರೆ ಕೆನೆಯಾಗಿ ಕರಗುತ್ತದೆ, ಆದರೆ ಈ ವಿಷಯ ತಿಳಿದ ಮೇಲೆ ಅದು ಬೇಕೋ ಬೇಡವೋ ಎನ್ನುವುದು ನಿಮ್ಮ ತೀರ್ಮಾನ. ಚೀಸ್ ಬಿಟ್ಟರೂ ಹೊಟ್ಟೆಗೆ ಕೊರತೆ ಆಗದು. ಈರುಳ್ಳಿ, ಬೆಳ್ಳುಳ್ಳಿ ಮುಟ್ಟದವರಿಗೆ ಮಾತ್ರ ಈ ಬದಲಾವಣೆ ನಿಜವಾಗಿ ಕಷ್ಟ. ಎಣ್ಣೆ ಹಾಕಿದ ಬರೀ ಪಾಸ್ತಾ, ಸುಟ್ಟ ತರಕಾರಿ, ಹಣ್ಣು ಇಷ್ಟನ್ನು ಕೊಡಿಸಬಲ್ಲೆವು. ಪಾತ್ರೆ ಬೇರೆ ಇರುತ್ತದೆ ಎಂಬ ಭರವಸೆ ಕೊಡಲಾರೆವು. ತಂಗುವ ಮನೆಗಳಲ್ಲಿ ಅಡುಗೆ ಒಲೆ ಇದೆ, ಸ್ವಂತ ಅಡುಗೆಗೆ ಅಡ್ಡಿಯಿಲ್ಲ.

ಅಲರ್ಜಿ ಇರುವವರಿಗೆ ಮಾತ್ರ ಅಲ್ಲಿ ನೆಮ್ಮದಿ ಹೆಚ್ಚು. ಐರೋಪ್ಯ ಒಕ್ಕೂಟದ ಕಾನೂನಿನಂತೆ, 2014ರ ಡಿಸೆಂಬರಿನಿಂದ ಹೋಟೆಲಿನವರು 14 ಬಗೆಯ ಅಲರ್ಜಿಕಾರಕಗಳ ಬಗ್ಗೆ ಗ್ರಾಹಕರಿಗೆ ಮಾಹಿತಿ ಕೊಡಲೇಬೇಕು. ಕಡಲೆಕಾಯಿ, ಎಳ್ಳು, ಸಾಸಿವೆ, ಹಾಲು ಎಲ್ಲವೂ ಆ ಪಟ್ಟಿಯಲ್ಲಿವೆ.

ಮಾಂಸಾಹಾರಿಗಳಿಗೆ ಒಂದು ಸಂಜೆ ಚಿಸ್ತೆರ್ನಿನೊ ಊರಿಗೆ ಪಯಣ. ಅಲ್ಲಿ ಕಸಾಯಿ ಅಂಗಡಿಯೇ ಹೋಟೆಲು. ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಬೇಕಾದದ್ದನ್ನು ತೋರಿಸಿದರೆ, ಅಂಗಡಿಯವರು ಅಲ್ಲೇ ಒಲೆಯಲ್ಲಿ ಸುಟ್ಟು ಹೊರಗಿನ ಮೇಜಿಗೆ ತಂದುಕೊಡುತ್ತಾರೆ. ಹೆಸರುವಾಸಿಯಾದದ್ದು ಬೊಂಬೆತ್ತೆ, ಚೀಸ್ ಒಳಗಿಟ್ಟು ಸುತ್ತಿದ ಹಂದಿಮಾಂಸ. ಹಂದಿ, ದನ ತಿನ್ನದವರು ಕುರಿಮರಿಯ ಮಾಂಸವನ್ನು ಕೇಳಬಹುದು. ಪುಲಿಯಾದಲ್ಲಿ ಕುದುರೆ ಮಾಂಸವನ್ನೂ ತಿನ್ನುತ್ತಾರೆ, ಗೊತ್ತಿಲ್ಲದೆ ಬೆರಳು ತೋರಿಸಬೇಡಿ. ನಮ್ಮ ಮಾರ್ಗದರ್ಶಿಯನ್ನು ಕೇಳಿ. ಸಸ್ಯಾಹಾರಿಗಳು ಆ ಸಂಜೆ ಲೊಕೊರೊತೊಂದೊದಲ್ಲೇ ಉಳಿಯುತ್ತಾರೆ.

ಮೆಡಿಟರೇನಿಯನ್ ಆಹಾರ ಎಂದರೆ ತೂಕ ಇಳಿಸುವ ಪಥ್ಯ ಎಂದುಕೊಂಡು ಕೆಲವರು ವಿಚಾರಿಸುತ್ತಾರೆ. ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಇದನ್ನು ಜಗತ್ತಿಗೆ ಪರಿಚಯಿಸಿದ್ದು ನಿಜ, 2010ರಲ್ಲಿ ಯುನೆಸ್ಕೊ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ನಿಜ. ಆದರೆ ಆ ಪಟ್ಟಿಯಲ್ಲಿ ಎಣ್ಣೆ, ಕಾಳುಗಳಷ್ಟೇ ಮಹತ್ವ ಒಟ್ಟಿಗೆ ಕುಳಿತು ಉಣ್ಣುವುದಕ್ಕೂ ಇದೆ. ಪಾಂಜೆರೊತ್ತಿ ಎಂಬ ಕರಿದ ಕಡುಬು ತಿಂದು, ನಡೆಯದೆ ಮಲಗಿದರೆ ಯಾವ ಆಹಾರವೂ ತೂಕ ಇಳಿಸದು.

ಮೇಜಿನ ರೀತಿನೀತಿ ಹೆಚ್ಚೇನಿಲ್ಲ. ನೀರು ಬಾಟಲಿಯಲ್ಲಿ ಬರುತ್ತದೆ, ಅದಕ್ಕೆ ದುಡ್ಡು. ಕೊಪೆರ್ತೊ, ಅಂದರೆ ಮೇಜಿಗೆ ಕೂರುವ ಶುಲ್ಕ, ಎಂದು ತಲೆಗೆ ಸಾಮಾನ್ಯವಾಗಿ ಎರಡು ಮೂರು ಯೂರೋ ಸೇರುತ್ತದೆ. ಇವೆರಡೂ ಪ್ರವಾಸದ ಶುಲ್ಕದಲ್ಲೇ ಇವೆ. ವೈನ್ ನಿಮ್ಮ ಖರ್ಚು. ಟಿಪ್ಸ್ ಕೊಡಲೇಬೇಕೆಂಬ ಒತ್ತಾಯ ಇಲ್ಲ. ಕೇಳುವವರೆಗೆ ಬಿಲ್ಲು ತರುವುದಿಲ್ಲ, ಅದು ಉದಾಸೀನ ಅಲ್ಲ, ಎಬ್ಬಿಸಬಾರದೆಂಬ ಮರ್ಯಾದೆ. ಖಾರ ಬೇಕಾದವರು ಮೆಣಸಿನಕಾಯಿ ಎಣ್ಣೆ ಕೇಳಿ, ಕೊಡುತ್ತಾರೆ. ಚಟ್ನಿಪುಡಿಯ ಡಬ್ಬಿಯನ್ನು ಹೋಟೆಲಿನ ಮೇಜಿನ ಮೇಲೆ ತೆರೆಯುವುದು ಬೇಡ, ಕೋಣೆಯಲ್ಲಿ ನಿಮ್ಮಿಷ್ಟ. ಪೆಟ್ಟಿಗೆ ಕಟ್ಟುವಾಗ ನೆನಪಿರಲಿ, ಹಾಲಿನ ಪದಾರ್ಥಗಳನ್ನು ಯೂರೋಪಿನೊಳಗೆ ಒಯ್ಯುವಂತಿಲ್ಲ. ತುಪ್ಪ, ಪೇಡಾ ಮನೆಯಲ್ಲೇ ಇರಲಿ, ಕರಿಬೇವಿನ ಸೊಪ್ಪೂ ಸಹ.

ಈ ಬದಲಾವಣೆಯಿಂದ ಆಗಿರುವ ಇನ್ನೊಂದು ಬದಲಾವಣೆ ತಂಡದ ಗಾತ್ರ. ನಾವು ಆರಿಸಿಕೊಂಡ ಹೋಟೆಲುಗಳು ಚಿಕ್ಕವು, ದೊಡ್ಡ ತಂಡವನ್ನು ಒಮ್ಮೆಗೆ ಕೂರಿಸಲಾರವು, ಕೂರಿಸಿದರೂ ಅಡುಗೆ ಕೆಡುತ್ತದೆ. ಹಾಗಾಗಿ ಇನ್ನು ತಂಡಕ್ಕೆ 14 ಜನ ಮಾತ್ರ. ಬಸ್ಸು ಮತ್ತು ಮಾರ್ಗದರ್ಶಿಯ ಖರ್ಚು ಕಡಿಮೆ ಜನರ ಮೇಲೆ ಬೀಳುವುದರಿಂದ ತಲಾ ಶುಲ್ಕ ಏರಿದೆ. ಹೊಸ ದರದ ಪಟ್ಟಿ ಈ ಪತ್ರದ ಜೊತೆಗಿದೆ. ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ. ರಾತ್ರಿ ಅನ್ನವಿಲ್ಲದೆ ಆಗದು ಎನ್ನುವವರು ಸಂಕೋಚವಿಲ್ಲದೆ ತಿಳಿಸಿ, ಮುಂಗಡವನ್ನು ಪೂರ್ತಿಯಾಗಿ ಹಿಂದಿರುಗಿಸುತ್ತೇವೆ.

ಜೊತೆಗಿಟ್ಟಿರುವ ಊಟದ ನಮೂನೆಯಲ್ಲಿ ಮೊಟ್ಟೆ, ಚೀಸ್, ಈರುಳ್ಳಿ, ಫಾವಾ ಕಾಳು ಮತ್ತು ಅಲರ್ಜಿಯ ಕಾಲಂಗಳನ್ನು ಪ್ರತಿಯೊಬ್ಬ ಪ್ರಯಾಣಿಕರ ಹೆಸರಿನಲ್ಲೂ ಬೇರೆ ಬೇರೆಯಾಗಿ ತುಂಬಿ, ಫೆಬ್ರವರಿ 10ರೊಳಗೆ ಕಚೇರಿಗೆ ತಲುಪಿಸಿ. ಗಂಡನ ನಮೂನೆಯಲ್ಲೇ ಹೆಂಡತಿಯದನ್ನೂ ಸೇರಿಸಿ ‘ಇಬ್ಬರಿಗೂ ಇದೇ’ ಎಂದು ಬರೆಯಬೇಡಿ; ಹೋಟೆಲಿನವರು ಕೇಳುವುದು ಕುರ್ಚಿಯ ಲೆಕ್ಕದಲ್ಲಿ.

ಇಂತಿ ನಿಮ್ಮ ವಿಶ್ವಾಸಿಗಳು,
ಪ್ರವಾಸ ವಿಭಾಗದ ಬಳಗ
ಮೈಸೂರು